ಅಂಗಾತ ಬಿದ್ದ ಜೇಡವನ್ನು ದಯವಿಟ್ಟು ಮುಟ್ಟಬೇಡಿ

ಟರಂಟುಲಾ ಅನ್ನುವ ದೊಡ್ಡ ರೋಮದ ಜೇಡ ಸಾಕಿದವರು ನನಗೆ ಫೋನ್ ಮಾಡುವುದು ಹೆಚ್ಚಾಗಿ ರಾತ್ರಿ ಊಟ ಆದಮೇಲೆ. ಮಾತೂ ಹೆಚ್ಚುಕಡಿಮೆ ಒಂದೇ. "ಡಾಕ್ಟ್ರೇ, ಅಂಗಾತ ಬಿದ್ದಿದೆ, ಸತ್ತೋಯ್ತು ಅನ್ಸುತ್ತೆ." ಮುಟ್ಟಿದ್ರಾ ಅಂತ ಕೇಳಿದರೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸುಮ್ನೆ ಕಡ್ಡೀಲಿ ಒಂಚೂರು ತಿರುಗಿಸಿದೆ ಅಷ್ಟೆ."

ಅಷ್ಟೆ ಅಲ್ಲ ಸ್ವಾಮಿ. ಕಾಲು ಹರಡಿಕೊಂಡು ಅಂಗಾತ ಮಲಗಿರುವ ಟರಂಟುಲಾ ಪೊರೆ ಬಿಡುತ್ತಿರುತ್ತದೆ. ನೂರಕ್ಕೆ ನೂರು ಹಾಗೇ ಅಂತ ಫೋನಿನಲ್ಲಿ ನಾನು ಹೇಳಲಾರೆ, ಆದರೆ ಮೊದಲು ಹಾಗೇ ಅಂದುಕೊಳ್ಳಿ. ಆಗ ಮೈ ಬೆಣ್ಣೆಯಷ್ಟು ಮೆತ್ತಗಿರುತ್ತದೆ. ನೀವು ಬೋರಲು ಹಾಕಿದರೆ ಕಾಲು ಹಳೇ ಪೊರೆಯಲ್ಲೇ ಸಿಕ್ಕಿಕೊಳ್ಳಬಹುದು, ಜೀವವೂ ಹೋಗಬಹುದು. ಚಿಕ್ಕ ಮರಿಗೆ ಒಂದು ಗಂಟೆಯೊಳಗೆ ಮುಗಿಯುವ ಕೆಲಸಕ್ಕೆ ದೊಡ್ಡ ಹೆಣ್ಣಿಗೆ ಇಡೀ ರಾತ್ರಿ ಬೇಕಾದೀತು. ಎಲ್ಲ ಮುಗಿದ ಮೇಲೆ ಆ ಪೊರೆಯನ್ನು ಬಿಡಿಸಿ ನೋಡಿ. ಹೊಟ್ಟೆಯ ಭಾಗದ ಒಳಗೆ ನಾಲ್ಕು ಬಿಳಿ ಮಚ್ಚೆ ಇರುತ್ತವೆ. ಅವು ಉಸಿರಾಡುವ ಅಂಗದ ಪೊರೆ, ಅದನ್ನೂ ಜೇಡ ಕಳಚಿ ಹಾಕಿರುತ್ತದೆ. ಅಂಥ ಹೊತ್ತಲ್ಲಿ ನಿಮ್ಮ ಕಡ್ಡಿ ಯಾಕೆ?

ಇದಕ್ಕೂ ಮುಂಚೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅದು ಊಟ ಬಿಡುತ್ತದೆ. ಅದಕ್ಕೂ ಗಾಬರಿ ಬೇಡ. ಡಬ್ಬಿಯಲ್ಲಿ ತಿನ್ನದೇ ಬಿಟ್ಟ ಕ್ರಿಕೆಟ್ ಹುಳವನ್ನು ಮಾತ್ರ ತೆಗೆದುಬಿಡಿ, ಮೆತ್ತಗಿನ ಮೈಯನ್ನು ಅದೇ ಕಚ್ಚಿಬಿಡುತ್ತದೆ. ಪೊರೆ ಬಿಟ್ಟಮೇಲೆ ಕೋರೆಹಲ್ಲು ಬೆಳ್ಳಗಿರುತ್ತದೆ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಕಪ್ಪಾಗುವ ತನಕ ಊಟ ಹಾಕಬೇಡಿ. ದೊಡ್ಡದಕ್ಕೆ ಎರಡು ವಾರವೂ ಆಗಬಹುದು.

ಗಾಬರಿ ಪಡಬೇಕಾದ ಭಂಗಿ ಬೇರೆಯೇ ಇದೆ. ಜೇಡ ಬೋರಲಾಗೇ ಇರುತ್ತದೆ, ಆದರೆ ಎಂಟೂ ಕಾಲು ಹೊಟ್ಟೆಯ ಅಡಿಗೆ ಮುದುಡಿಕೊಂಡಿರುತ್ತವೆ. ಇದನ್ನು ನೋಡಿ "ಮಲಗಿದೆ ಪಾಪ" ಅಂತ ಬಿಟ್ಟುಬಿಡುತ್ತಾರೆ! ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯು ಇದೆ, ಚಾಚುವ ಸ್ನಾಯು ಇಲ್ಲ. ರಕ್ತದ ಒತ್ತಡದಿಂದಲೇ ಕಾಲು ಚಾಚಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ಒತ್ತಡ ಇಳಿಯುತ್ತದೆ, ಕಾಲು ತಾನಾಗಿಯೇ ಒಳಗೆ ಮಡಚಿಕೊಳ್ಳುತ್ತದೆ. ನಮ್ಮ ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ನೀರಿನ ಬಟ್ಟಲು ಒಣಗಿದ್ದರೆ ಮೊದಲು ಇದೇ ಅನುಮಾನ ಪಡಿ. ತಟ್ಟೆಯಲ್ಲಿ ತೆಳ್ಳಗೆ ನೀರು ಹಾಕಿ, ಬಾಯಿ ನೀರಿಗೆ ತಾಗುವಂತೆ ಮೆಲ್ಲಗೆ ಇಡಿ. ಹೊಟ್ಟೆ ಮುಳುಗಬಾರದು, ಉಸಿರಾಡುವ ರಂಧ್ರ ಅದರ ಅಡಿಯಲ್ಲಿದೆ. ಇದರಿಂದ ಎಲ್ಲವೂ ಚೇತರಿಸಿಕೊಳ್ಳುತ್ತವೆ ಅಂತಲ್ಲ. ವಯಸ್ಸಾದ ಗಂಡಾಗಿದ್ದರೆ ಅದರ ಕಾಲವೇ ಮುಗಿದಿರಬಹುದು. ಪೊರೆ ಬಿಟ್ಟು ಬಲಿತ ಮೇಲೆ ಗಂಡು ಹೆಚ್ಚು ಕಾಲ ಬದುಕುವುದಿಲ್ಲ.

ಮಂಡ್ಯ ಕಡೆಯ ಹುಡುಗನೊಬ್ಬ ಮೆಕ್ಸಿಕೋದ ರೆಡ್ ನೀ ಜೇಡವನ್ನು ಅರ್ಧ ಪೊರೆಯಲ್ಲೇ ಬಸ್ಸಲ್ಲಿ ತಂದಿದ್ದ. ಎರಡು ಕಾಲು ಹೋಗಿತ್ತು. ಜೊತೆಗೆ ಬಂದಿದ್ದ ಅಜ್ಜಿ ನನ್ನ ಮೇಜಿನ ಮುಂದೆ ಕೂತು ಮೊಮ್ಮಗನಿಗೆ ಉಗಿದರು. "ನಾ ಯೋಳ್ದೆ ಸಾಮಿ, ಹಾವು ಪೊರೆ ಬುಡಲ್ವಾ, ಅಂಗೇ ಇದೂ ಬುಡ್ತದೆ, ಸುಮ್ಕಿರ್ಲಾ ಅಂತ. ಕೇಳ್ನಿಲ್ಲ." ಆ ಅಜ್ಜಿಗೆ ನನ್ನ ಕುರ್ಚಿ ಬಿಟ್ಟುಕೊಡಬೇಕು ಅನ್ನಿಸಿತು. ಹೋದ ಕಾಲು ಮುಂದಿನ ಪೊರೆಗಳಲ್ಲಿ ಮತ್ತೆ ಬೆಳೆಯುತ್ತದೆ ಅಂದಾಗ ಹುಡುಗನ ಮುಖ ಅರಳಿತು. ಅಜ್ಜಿ ಮಾತ್ರ ನಂಬಲಿಲ್ಲ.

ಸೊಳ್ಳೆ ಬತ್ತಿ ಹಚ್ಚಿದ ಕೋಣೆಯಲ್ಲಿ ಡಬ್ಬಿ ಇಡಬೇಡಿ, ಕೀಟಕ್ಕೆ ವಿಷವಾದದ್ದು ಜೇಡಕ್ಕೂ ವಿಷವೇ. ಅಡುಗೆಮನೆಯ ಜಿರಳೆ ಹಿಡಿದು ಹಾಕುವುದೂ ಬೇಡ, ಅದು ಯಾವ ಔಷಧಿ ತಿಂದು ಬಂದಿದೆಯೋ!

ಇನ್ನೊಂದು ಮಾತು. ರೆಡ್ ನೀ ಸೈಟಿಸ್ ಪಟ್ಟಿಯಲ್ಲಿರುವ ಜೇಡ, ಅಂದರೆ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಲಗಾಮು ಹಾಕುವ ಒಪ್ಪಂದದ ಪಟ್ಟಿ. ಅಂಥವನ್ನು ಸಾಕುವವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಪಶ್ಚಿಮಘಟ್ಟದ ನಮ್ಮದೇ ಮೈಸೂರು ಆರ್ನಮೆಂಟಲ್ ಜೇಡವೂ 2019ರಿಂದ ಅದೇ ಪಟ್ಟಿಯಲ್ಲಿದೆ. ಕಾಡಿಂದ ಹಿಡಿದು ತಂದು ನನ್ನ ಮುಂದೆ ಇಡಬೇಡಿ.

ಉಳಿದವರು ಡಬ್ಬಿ ಅಲ್ಲಾಡಿಸುವ ಮೊದಲು ಒಂದು ವಿಡಿಯೋ ಕಳಿಸಿ. ಕಾಲು ಹರಡಿದೆಯೋ ಮುದುಡಿದೆಯೋ ಕಾಣುವಂತಿರಲಿ. ಫ್ಲ್ಯಾಶ್ ಹಾಕಬೇಡಿ.