ಮಾಟ: ಮಾಡಿದವರು ಸಿಗುತ್ತಾರೆ, ಮಾಡಿಸಿದವರು?

ಅಮಾವಾಸ್ಯೆಯ ಮಾರನೇ ಬೆಳಿಗ್ಗೆ ಮೂರು ದಾರಿ ಕೂಡುವಲ್ಲಿ ಸೂಜಿ ಚುಚ್ಚಿದ ನಿಂಬೆಹಣ್ಣು, ಕುಂಕುಮ ಬಳಿದ ಕುಂಬಳಕಾಯಿ ಬಿದ್ದಿದ್ದರೆ ಓದಿದವರೂ ಸುತ್ತು ಹಾಕಿಯೇ ಹೋಗುತ್ತಾರೆ. ‘ನಮಗೆ ಯಾರೋ ಮಾಡಿಸಿದ್ದಾರೆ’ ಎನ್ನುವವರು ಬೀದಿಗೆ ನಾಲ್ವರು. ‘ನಾವೇ ಒಬ್ಬರಿಗೆ ಮಾಡಿಸಿದ್ದೆವು’ ಎಂದವರನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ.

ವಿಷಯ ಹೊಸದಲ್ಲ. ಅಥರ್ವವೇದದಲ್ಲಿ ಅಭಿಚಾರ, ಅಂದರೆ ಕೇಡು ಬಯಸಿ ಮಾಡುವ ಮಂತ್ರಕ್ರಿಯೆ ಇದೆ, ತಂತ್ರಗ್ರಂಥಗಳ ಷಟ್ಕರ್ಮಗಳು (ಆರು ಬಗೆಯ ಮಂತ್ರಕ್ರಿಯೆಗಳು) ಶಾಂತಿಯಿಂದ ಶುರುವಾಗಿ ಮಾರಣಕ್ಕೆ, ಅಂದರೆ ಕೊಲ್ಲುವುದಕ್ಕೆ, ಮುಟ್ಟುತ್ತವೆ. ಕೊಳ್ಳೇಗಾಲದ ಹೆಸರು ಹೇಳಿದರೆ ಇಂದಿಗೂ ಮಾಟವೇ ನೆನಪಾಗುತ್ತದೆ (ಪಾಪ, ಅಲ್ಲಿನ ರೇಷ್ಮೆ ಯಾರಿಗೂ ನೆನಪಾಗದು). ಮಾಟ ತಿರುಗಿದರೆ ಮಾಡಿದವನ ಮನೆಗೇ ಬಡಿಯುತ್ತದೆ ಎಂಬ ನಂಬಿಕೆ ಮಂತ್ರವಾದಿಗಳಲ್ಲೇ ಇತ್ತು. ಅದನ್ನು ನೀತಿ ಎನ್ನುವುದು ಕಷ್ಟ, ಭಯ ಎನ್ನಬಹುದು. ಆದರೂ ಅಷ್ಟಾದರೂ ಇತ್ತು.

ಬೀದರ್, ಕಲಬುರಗಿ ಕಡೆಯ ಬಾನಾಮತಿ ಎಂಬ ಮಾಟದ ಕಥೆ ಬೇರೆ. ಹೆಂಗಸರು ಇದ್ದಕ್ಕಿದ್ದಂತೆ ನಾಯಿಯ ಹಾಗೆ ಬೊಗಳುವುದು, ಮನೆ ಮೇಲೆ ಕಲ್ಲು ಬೀಳುವುದು, ಪೆಟ್ಟಿಗೆಯೊಳಗಿನ ಬಟ್ಟೆಗೆ ಬೆಂಕಿ. ಹೇಳಿಕೊಳ್ಳಲಾಗದ ಸಂಕಟ ಮೈಯಲ್ಲಿ ಹೀಗೆ ಹೊರಬರುತ್ತದೆ ಎಂದು ವೈದ್ಯರು ಹೇಳಿದರು. ಊರಿಗೆ ಮಾತ್ರ ಒಬ್ಬ ಆಸಾಮಿ ಬೇಕಿತ್ತು. ಅನುಮಾನ ಬಿದ್ದದ್ದು ಒಂಟಿ ವಿಧವೆಯ ಮೇಲೆ, ಗಿಡಮೂಲಿಕೆ ಕೊಡುವ ಮುದುಕನ ಮೇಲೆ, ಬದುವಿನ ಜಗಳವಿದ್ದ ಪಕ್ಕದ ಹೊಲದವನ ಮೇಲೆ. ಮಂತ್ರ ಸ್ಪಷ್ಟವಾಗಿ ಉಚ್ಚರಿಸಬಾರದೆಂದು ಅಂಥವರ ಹಲ್ಲು ಕಿತ್ತದ್ದೂ ಉಂಟು. ಕೆಡುಕು ಮಾಡಿದರೆಂದು ಹಲ್ಲು ಕಳೆದುಕೊಂಡವರು ಒಂದು ಕಡೆ, ಕಿತ್ತ ಕೈಗಳು ಇನ್ನೊಂದು ಕಡೆ. ನಿಜವಾದ ಕೆಡುಕು ಯಾವುದೆಂದು ಕೇಳಿಕೊಂಡವರು ಕಡಿಮೆ.

1976ರಲ್ಲಿ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. 2013ರಲ್ಲಿ ಪುಣೆಯಲ್ಲಿ ಮೂಢನಂಬಿಕೆ ವಿರೋಧಿ ಹೋರಾಟಗಾರ ನರೇಂದ್ರ ದಾಭೋಲ್ಕರ್ ಹತ್ಯೆಯಾದ ಬೆನ್ನಿಗೆ ಮಹಾರಾಷ್ಟ್ರ ಮಾಟ-ಮಂತ್ರದ ವಿರುದ್ಧ ಕಾನೂನು ತಂದಿತು. ನಮ್ಮಲ್ಲಿ ಕರಡು, ಗದ್ದಲ, ಮತ್ತೆ ಕರಡು ಎಂದು ಎಳೆದು, 2017ರಲ್ಲಿ ಅಂಗೀಕಾರವಾದ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಒಂದರಿಂದ ಏಳು ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ. ಜ್ಯೋತಿಷ್ಯ, ವಾಸ್ತುವನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಮಸೂದೆ ಸದನ ದಾಟುತ್ತಿರಲಿಲ್ಲವೇನೋ.

ಕಾಯ್ದೆಗೆ ಕಾಣುವುದು ಕೃತ್ಯ. ದಾಯಾದಿಯ ಮನೆ ಏಳಿಗೆ ಕಂಡು ಕುದಿಯುವವನ ನಿದ್ದೆಗೆಟ್ಟ ರಾತ್ರಿ ಅದಕ್ಕೆ ಕಾಣದು. ಗಿರಾಕಿ ಹುಟ್ಟುವುದು ಅಲ್ಲಿ. ಬಸ್‌ಸ್ಟ್ಯಾಂಡಿನ ಕಂಬಗಳಲ್ಲಿ ‘ಶತ್ರುನಾಶ, ವಶೀಕರಣ’ದ ಚೀಟಿಗಳು ಈಗಲೂ ಅಂಟಿಕೊಂಡಿವೆ. ಫೋನ್ ನಂಬರಿನ ಕೆಳಗೆ ಸಣ್ಣ ಅಕ್ಷರದಲ್ಲಿ: ‘ಹೆಸರು ಗೌಪ್ಯವಾಗಿಡಲಾಗುವುದು’.