ರೋಮಿಂಗ್ ತೆಗೆದ ಕಾನೂನಿನಲ್ಲೇ ಇದ್ದ ಇನ್ನೊಂದು ಮಾತು

2012ರಲ್ಲಿ ಜರ್ಮನಿಯ ಸಿಮ್ ಹಾಕಿಕೊಂಡು ಫ್ರಾನ್ಸ್‌ಗೆ ಹೋದವರು 3 ಎಂಬಿಯ ಒಂದು ಫೋಟೋ ಮನೆಗೆ ಕಳಿಸಿದರೆ 2 ಯೂರೋಗಿಂತ ಜಾಸ್ತಿ ಬಿಲ್ ಬರಬಹುದಿತ್ತು. ಅದೂ ರೋಮಿಂಗ್ ಡೇಟಾ ದರ ಎಂಬಿಗೆ 70 ಸೆಂಟ್ ದಾಟಬಾರದು ಎಂದು ಯುರೋಪಿಯನ್ ಯೂನಿಯನ್ ಕಡಿವಾಣ ಹಾಕಿದ ಮೇಲೆ!

ಈ ಕಡಿವಾಣ ಶುರುವಾಗಿದ್ದು 2007ರಲ್ಲಿ, ಯೂನಿಯನ್‌ನ ಟೆಲಿಕಾಂ ಕಮಿಷನರ್ ಆಗಿದ್ದ ವಿವಿಯನ್ ರೆಡಿಂಗ್ ಕಾಲದಲ್ಲಿ. ಹೊರದೇಶದಲ್ಲಿದ್ದು ಕರೆ ಮಾಡಿದರೆ ನಿಮಿಷಕ್ಕೆ 49 ಸೆಂಟ್, ಬಂದ ಕರೆ ಎತ್ತಿದರೆ 24 ಸೆಂಟ್, ಅದರ ಮೇಲೆ ತೆರಿಗೆ ಅಷ್ಟೇ. ಮುಂದೆ ಎಸ್ಸೆಮ್ಮೆಸ್‌ಗೂ ಡೇಟಾಗೂ ಮಿತಿ ಬಂತು.

ಅತ್ತ ನೆದರ್ಲೆಂಡ್ಸ್‌ನಲ್ಲಿ ಬೇರೆಯದೇ ಜಗಳ. ವಾಟ್ಸಾಪ್ ಬಂದು ಎಸ್ಸೆಮ್ಮೆಸ್ ಆದಾಯ ಕರಗತೊಡಗಿದಾಗ ಅಲ್ಲಿನ ಟೆಲಿಕಾಂ ಕಂಪನಿ ಕೆಪಿಎನ್ 2011ರಲ್ಲಿ ಅಂಥ ಆ್ಯಪ್‌ಗಳಿಗೆ ಬೇರೆ ದುಡ್ಡು ಕೇಳಲು ಹೊರಟಿತು. ಡೇಟಾಗೆ ಒಮ್ಮೆ ದುಡ್ಡು ಕೊಟ್ಟಾಗಿದೆ, ಅದರಲ್ಲಿ ನಾನು ಯಾವ ಆ್ಯಪ್ ಬಳಸುತ್ತೇನೆ ಎಂದು ಇಣುಕಿ ನೋಡಿ ಇನ್ನೊಮ್ಮೆ ಕೇಳುವುದು ಯಾವ ನ್ಯಾಯ? ಜನ ಸಿಟ್ಟಾದರು. ಯುರೋಪಿಯನ್ ಯೂನಿಯನ್‌ನಲ್ಲಿ ನೆಟ್ ನ್ಯೂಟ್ರಾಲಿಟಿಗೆ, ಅಂದರೆ ಇಂಟರ್ನೆಟ್ ಕಂಪನಿಗಳು ಆ್ಯಪ್-ಸೈಟ್‌ಗಳ ನಡುವೆ ಭೇದ ಮಾಡಬಾರದು ಎಂಬುದಕ್ಕೆ, ಕಾನೂನು ಮಾಡಿದ ಮೊದಲ ದೇಶ ಅದೇ.

2013ರಲ್ಲಿ ಕಮಿಷನರ್ ನೀಲಿ ಕ್ರೂಸ್ ರೋಮಿಂಗ್, ನೆಟ್ ನ್ಯೂಟ್ರಾಲಿಟಿ ಎರಡನ್ನೂ ಒಂದೇ ಮಸೂದೆಗೆ ಸೇರಿಸಿದರು. 2015ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಸಂಸತ್ತು ಒಪ್ಪಿತು. ನನಗೆ ಬೇಸರವಾಗುವುದು ಇಲ್ಲೇ. ರೋಮಿಂಗ್ ರದ್ದು ಎಂಬ ಸಿಹಿಯನ್ನು ಮುಂದಿಟ್ಟುಕೊಂಡು ನೆಟ್ ನ್ಯೂಟ್ರಾಲಿಟಿಯ ಸಾಲುಗಳನ್ನು ಸಡಿಲವಾಗಿಯೇ ಬಿಟ್ಟರು. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅವರೇ ತಿದ್ದುಪಡಿ ಮಾಡಿ ಎಂದು ಕೇಳಿಕೊಂಡರೂ ಆಗಲಿಲ್ಲ. 'ಈ ಆ್ಯಪ್‌ಗಳಿಗೆ ಡೇಟಾ ಫ್ರೀ' ಎನ್ನುವ ಪ್ಯಾಕ್‌ಗಳು ಆ ಸಂದಿಯಲ್ಲೇ ನುಸುಳಿದವು. ನಮ್ಮ ಟೆಲಿಕಾಂ ನಿಯಂತ್ರಕ ಟ್ರಾಯ್ ಮಾತ್ರ, ಕೆಲವೇ ಸೈಟ್‌ಗಳನ್ನು ಫ್ರೀ ಕೊಡುವ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಗಲಾಟೆಯಾದ ಮೇಲೆ, 2016ರ ಫೆಬ್ರವರಿಯಲ್ಲಿ ಅಂಥವನ್ನು ನೇರವಾಗಿಯೇ ನಿಷೇಧಿಸಿತ್ತು.

2017ರ ಜೂನ್ 15ಕ್ಕೆ ರೋಮಿಂಗ್ ಶುಲ್ಕ ಹೋಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜರ್ಮನಿಯಲ್ಲಿ ವೊಡಾಫೋನ್ ಪಾಸ್ ಎಂಬ ಪ್ಯಾಕ್ ಬಂತು. ಅದನ್ನು ಹಾಕಿಸಿಕೊಂಡರೆ ಕೆಲವು ಆ್ಯಪ್‌ಗಳ ಬಳಕೆ ನಿಮ್ಮ ಡೇಟಾದಲ್ಲಿ ಕಳೆಯುತ್ತಿರಲಿಲ್ಲ. ಆದರೆ ಗಡಿ ದಾಟಿದಿರೋ, ಅದೇ ಆ್ಯಪ್, ಅದೇ ಹಾಡು, ಡೇಟಾ ಮಾತ್ರ ಕಳೆಯುತ್ತಿತ್ತು! ರೋಮಿಂಗ್ ಬೇರೆ, ನೆಟ್ ನ್ಯೂಟ್ರಾಲಿಟಿ ಬೇರೆ ಅಂದುಕೊಂಡಿದ್ದೆವು ಅಲ್ವಾ, ಎರಡೂ ಒಂದೇ ಪ್ಯಾಕ್‌ನಲ್ಲಿ ಬಂದು ಕೂತಿದ್ದವು. ಜರ್ಮನಿಯ ನಿಯಂತ್ರಕರು ತಕರಾರು ತೆಗೆದರು, ಕೇಸು ಲಕ್ಸೆಂಬರ್ಗ್‌ನ ಯುರೋಪಿಯನ್ ಕೋರ್ಟ್‌ಗೆ ಹೋಯಿತು. 2021ರ ಸೆಪ್ಟೆಂಬರ್ 2ರಂದು ಕೋರ್ಟ್ ಬೇರಿಗೇ ಕೈಹಾಕಿತು. ಗಡಿಯಾಚೆಯ ಷರತ್ತಷ್ಟೇ ಅಲ್ಲ, ಹೀಗೆ ಕೆಲವು ಆ್ಯಪ್‌ಗಳನ್ನು ಆರಿಸಿ ಫ್ರೀ ಕೊಡುವುದೇ ತಪ್ಪು ಎಂದಿತು. ಮರುವರ್ಷ ಆ ಪ್ಯಾಕ್‌ಗಳನ್ನು ನಿಲ್ಲಿಸಲು ಆದೇಶ ಬಂತು.