ಕೇಳಿದಾಗ ಕೊಡಬೇಕಾದ ಹಣ: ಕ್ರೆಡಿ ಲಿಯೊನೆ ಬ್ಯಾಂಕ್ ಬೆಳೆದದ್ದು, ಮುಳುಗಿದ್ದು, ಮಾರಾಟವಾದದ್ದು

1863ರ ಮೇ 23ರಂದು ಫ್ರಾನ್ಸಿನಲ್ಲಿ ಒಂದು ಹೊಸ ಕಾನೂನು ಬಂತು. ಷೇರುದಾರರ ಹೊಣೆ ಅವರವರು ಹಾಕಿದ ಹಣಕ್ಕಷ್ಟೇ ಸೀಮಿತವಾಗಿರುವ ಕಂಪನಿ ಕಟ್ಟಲು ಅದುವರೆಗೆ ಸರ್ಕಾರದ ಅಪ್ಪಣೆ ಬೇಕಿತ್ತು. ಬಂಡವಾಳ 2 ಕೋಟಿ ಫ್ರಾಂಕ್ ದಾಟದಿದ್ದರೆ ಇನ್ನು ಅಪ್ಪಣೆ ಬೇಡ ಎಂದಿತು ಕಾನೂನು. ಆರೇ ವಾರದಲ್ಲಿ, ಜುಲೈ 6ರಂದು, ರೇಷ್ಮೆ ವ್ಯಾಪಾರದ ಊರಾದ ಲಿಯೋನ್‌ನಲ್ಲಿ ಒಂದು ಬ್ಯಾಂಕ್ ಹುಟ್ಟಿತು. ಬಂಡವಾಳ ಸರಿಯಾಗಿ 2 ಕೋಟಿ: ತಲಾ 500 ಫ್ರಾಂಕಿನ 40,000 ಷೇರು. ಹೆಸರು ಕ್ರೆಡಿ ಲಿಯೊನೆ. ಹಣ ಹಾಕಿದವರಲ್ಲಿ ಊರಿನ ರೇಷ್ಮೆ ವರ್ತಕರಿದ್ದರು, ಜಿನೀವಾದ ಬ್ಯಾಂಕರುಗಳಿದ್ದರು. ಅಧ್ಯಕ್ಷ ಆನ್ರಿ ಜೆರ್ಮೆ. 1905ರಲ್ಲಿ ಸಾಯುವವರೆಗೂ ಆ ಕುರ್ಚಿಯಲ್ಲಿ ಅವನೇ ಇದ್ದ.

ಈ ಬ್ಯಾಂಕಿನ ಕಥೆಯನ್ನು ಹಗರಣಗಳ ಸರಮಾಲೆಯಾಗಿ ಹೇಳುವವರೇ ಹೆಚ್ಚು. ಹಾಗೆ ಹೇಳಿದರೆ ಮುಖ್ಯವಾದದ್ದು ಕೈತಪ್ಪುತ್ತದೆ. ಜನ ಇಟ್ಟ ಠೇವಣಿಯನ್ನು ಅವರು ಕೇಳಿದ ದಿನ ಕೊಡಬೇಕು. ಅಲ್ಲಿಯವರೆಗೆ ಆ ಹಣ ಎಷ್ಟು ಕಾಲಕ್ಕೆ, ಎಲ್ಲಿ ಕೂತಿರುತ್ತದೆ? ಕ್ರೆಡಿ ಲಿಯೊನೆ ಬೆಳೆದದ್ದೂ ಮುಳುಗಿದ್ದೂ ಈ ಒಂದು ಪ್ರಶ್ನೆಯ ಮೇಲೆ.

ಮೊದಲ ದಿನಗಳ ವ್ಯವಹಾರವನ್ನು ಹತ್ತಿರದಿಂದ ನೋಡೋಣ. ಲಿಯೋನ್‌ನ ವರ್ತಕನೊಬ್ಬ 1,000 ಫ್ರಾಂಕಿನ ರೇಷ್ಮೆಯನ್ನು 90 ದಿನದ ಉದ್ದರಿಗೆ ಮಾರಿ, ಕೊಂಡವನಿಂದ ಹುಂಡಿ, ಅಂದರೆ ಇಂಥ ದಿನ ಇಷ್ಟು ಹಣ ಕೊಡುತ್ತೇನೆಂಬ ಪತ್ರ, ಬರೆಸಿಕೊಳ್ಳುತ್ತಾನೆ. ಅವನಿಗೆ ಹಣ ಇವತ್ತೇ ಬೇಕು. ಬ್ಯಾಂಕ್ ವರ್ಷಕ್ಕೆ ಶೇ. 4ರಂತೆ 90 ದಿನದ ಬಡ್ಡಿ 10 ಫ್ರಾಂಕ್ ಮುರಿದುಕೊಂಡು 990 ಕೊಡುತ್ತದೆ, ಹುಂಡಿ ತಾನು ಇಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೆ ಪೂರ್ತಿ 1,000 ಕೈಗೆ ಬರುತ್ತದೆ. ನಡುವೆ ನಗದು ಬೇಕಾದರೆ ಅದೇ ಹುಂಡಿಯನ್ನು ದೇಶದ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಫ್ರಾನ್ಸ್‌ಗೆ ಒಯ್ಯಬಹುದು. ಅಲ್ಲಿಯ ನಿಯಮ ಎರಡು: ಅವಧಿ 90 ದಿನದೊಳಗಿರಬೇಕು, ಮೂರು ಸಹಿ ಇರಬೇಕು. ಕೊಂಡವನದು ಒಂದು, ಮಾರಿದವನದು ಒಂದು, ಮೂರನೆಯದು ಬ್ಯಾಂಕಿನದು. ಆ ಮೂರನೇ ಸಹಿಯಿಂದಲೇ ಹುಂಡಿಗೆ ನಗದಿನ ಬೆಲೆ ಬರುತ್ತಿತ್ತು.

ಆದರೆ ಜೆರ್ಮೆ ಶುರುವಿನಲ್ಲಿ ಇಷ್ಟಕ್ಕೆ ನಿಲ್ಲಲಿಲ್ಲ. ಆಗ ಲಿಯೋನ್‌ನಲ್ಲಿ ಫುಕ್ಸಿನ್ ಎಂಬ ಕೃತಕ ಬಣ್ಣದ ಹುಚ್ಚು. ರೇಷ್ಮೆಗೆ ಹೊಳೆಯುವ ಕೆನ್ನೇರಳೆ ಕೊಡುವ ಈ ಬಣ್ಣದ ಪೇಟೆಂಟ್ ರೆನಾರ್ ಸಹೋದರರ ಕೈಯಲ್ಲಿತ್ತು. 1863ರ ಕೊನೆಗೆ ಆ ಪೇಟೆಂಟ್ ಮೇಲೆ ಒಂದು ಕಂಪನಿ ಎದ್ದಿತು, ಕ್ರೆಡಿ ಲಿಯೊನೆ ಅದರಲ್ಲಿ ದೊಡ್ಡ ಪಾಲು ಹಾಕಿತು. ಫ್ರಾನ್ಸಿನ ಕಾನೂನು ತಯಾರಿಸುವ ವಿಧಾನಕ್ಕಲ್ಲ, ವಸ್ತುವಿಗೇ ಪೇಟೆಂಟ್ ಕೊಡುತ್ತಿತ್ತು. ಅಂದರೆ ಅದೇ ಬಣ್ಣವನ್ನು ಬೇರೆ ಅಗ್ಗದ ದಾರಿಯಲ್ಲಿ ಮಾಡುವವರೂ ಫ್ರಾನ್ಸಿನೊಳಗೆ ಮಾಡುವಂತಿರಲಿಲ್ಲ. ಅವರು ಗಂಟುಮೂಟೆ ಕಟ್ಟಿ ಸ್ವಿಟ್ಜರ್ಲೆಂಡಿನ ಬಾಸೆಲ್ ಕಡೆ ಹೋದರು; ಆ ಊರು ಮುಂದೆ ರಾಸಾಯನಿಕ ಉದ್ಯಮದ ತವರಾಗಲು ಇದೂ ಒಂದು ಕಾರಣ. ಪೈಪೋಟಿ ಇಲ್ಲದ ಲಿಯೋನ್ ಕಂಪನಿ ಹೊಸ ವಿಧಾನ ಕಲಿಯಲಿಲ್ಲ, 1868ರಲ್ಲಿ ಬಾಗಿಲು ಮುಚ್ಚಿತು.

ಜೆರ್ಮೆ ಇದರಿಂದ ಕಲಿತ ಪಾಠ ಮುಂದೆ ಅವನ ಹೆಸರಿನಲ್ಲೇ ಫ್ರೆಂಚ್ ಬ್ಯಾಂಕಿಂಗ್‌ನ ಸೂತ್ರವಾಯಿತು. ಒಳ್ಳೆಯ ಕಾರ್ಖಾನೆಯೂ ಕೇಳಿದ ದಿನ ನಗದಾಗುವುದಿಲ್ಲ. ಆದ್ದರಿಂದ ಠೇವಣಿ ಹಣ ಕಾರ್ಖಾನೆಗೆ ಹೋಗಕೂಡದು, ಬೇಗ ತೀರುವ ಹುಂಡಿಗೆ ಹೋಗಬೇಕು. ಉದ್ಯಮಗಳಿಗೆ ಬಂಡವಾಳ ಸಿಗದಂತೆ ಮಾಡಿದ ಸೂತ್ರವಿದು ಎಂದು ಟೀಕಿಸಿದವರಿದ್ದಾರೆ. ಟೀಕೆಯಲ್ಲಿ ಹುರುಳಿದೆ. ಆದರೆ 1882ರ ಜನವರಿಯಲ್ಲಿ ಯುನಿಯೋ ಜೆನೆರಾಲ್ ಎಂಬ ಬ್ಯಾಂಕ್ ಕುಸಿದು ಲಿಯೋನ್‌ನ ಷೇರುಪೇಟೆಯೇ ನೆಲಕಚ್ಚಿದಾಗ, ಕ್ರೆಡಿ ಲಿಯೊನೆಯ ಠೇವಣಿದಾರರೂ ಗಾಬರಿಯಿಂದ ಹಣ ಹಿಂತೆಗೆದರು. ಬ್ಯಾಂಕ್ ಉಳಿಯಿತು. ಉಳಿಸಿದ್ದು ಪೆಟ್ಟಿಗೆಯಲ್ಲಿದ್ದ ನಗದು ಮತ್ತು ಬೇಗ ಕೈಸೇರುವ ಹುಂಡಿಗಳು.

ಈ ನಡುವೆ ಬೆಳವಣಿಗೆಯೂ ಓಡುತ್ತಿತ್ತು. ಪ್ರಷ್ಯಾದೊಂದಿಗೆ ಯುದ್ಧವಾದ 1870ರಲ್ಲಿ ಲಂಡನ್ ಶಾಖೆ ತೆರೆದದ್ದು ಹಣವನ್ನು ಸುರಕ್ಷಿತ ಜಾಗದಲ್ಲಿಡುವುದಕ್ಕೆ. 1871ರಲ್ಲಿ ಕಂಪನಿಗಳ, ಸರ್ಕಾರಗಳ ಲೆಕ್ಕಪತ್ರ ಓದುವುದಕ್ಕೇ ಪ್ರತ್ಯೇಕ ಅಧ್ಯಯನ ವಿಭಾಗ ಬಂತು. ಪ್ಯಾರಿಸ್‌ನ ಬುಲ್ವಾರ್ ದೆಜಿತಾಲಿಯೆನ್ ರಸ್ತೆಯಲ್ಲಿ ಅರಮನೆಯಂಥ ಕಚೇರಿ ಎದ್ದಿತು. ಅದರೊಳಗಿನ ಮೆಟ್ಟಿಲು ಎರಡು ಸುರುಳಿಯದು, ಹತ್ತುವವರು ಇಳಿಯುವವರಿಗೆ ಎದುರಾಗದಂತೆ ಕಟ್ಟಿದ್ದು. 1900ರ ಹೊತ್ತಿಗೆ ಇದು ಜಗತ್ತಿನ ಅತಿ ದೊಡ್ಡ ಬ್ಯಾಂಕುಗಳಲ್ಲೊಂದು. ಒಂದು ಕಪ್ಪುಚುಕ್ಕೆಯನ್ನು ಮಾತ್ರ ಮರೆಯುವಂತಿಲ್ಲ: ರಷ್ಯದ ಚಕ್ರವರ್ತಿಯ ಸಾಲಪತ್ರಗಳನ್ನು ಫ್ರಾನ್ಸಿನ ಸಣ್ಣ ಉಳಿತಾಯಗಾರರಿಗೆ ಮಾರಿದವರಲ್ಲಿ ಈ ಬ್ಯಾಂಕ್ ಮುಂಚೂಣಿಯಲ್ಲಿತ್ತು. 1918ರಲ್ಲಿ ಬೋಲ್ಶೆವಿಕ್ ಸರ್ಕಾರ ಆ ಸಾಲವನ್ನು ತಳ್ಳಿಹಾಕಿತು. ಬ್ಯಾಂಕಿಗೆ ದಲ್ಲಾಳಿ ಹಣ ಬಂದಾಗಿತ್ತು, ನಷ್ಟ ಉಳಿದದ್ದು ಮನೆಮನೆಗಳ ಕಪಾಟಿನಲ್ಲಿ. 1996ರ ಒಪ್ಪಂದದಲ್ಲಿ ರಷ್ಯ 40 ಕೋಟಿ ಡಾಲರ್ ಕೊಟ್ಟಿತು. ಕಳೆದುಹೋದದ್ದರ ಮುಂದೆ ಅದು ಏನೇನೂ ಅಲ್ಲ.

1945ರ ಡಿಸೆಂಬರ್ 2ರ ಕಾನೂನಿನಿಂದ ಕ್ರೆಡಿ ಲಿಯೊನೆ, ಸೊಸಿಯೆತೆ ಜೆನೆರಾಲ್ ಸೇರಿ ನಾಲ್ಕು ಬ್ಯಾಂಕುಗಳು ಸರ್ಕಾರದ್ದಾದವು. ರಾಷ್ಟ್ರೀಕರಣವನ್ನಷ್ಟೇ ನೆನಪಿಡುವವರು ಆ ಕಾನೂನಿನ ಇನ್ನೊಂದು ಭಾಗವನ್ನು ಬಿಟ್ಟುಬಿಡುತ್ತಾರೆ. ಠೇವಣಿ ಬ್ಯಾಂಕೇ ಬೇರೆ, ಉದ್ಯಮಗಳಲ್ಲಿ ಪಾಲು ಹಿಡಿಯುವ ಬ್ಯಾಂಕೇ ಬೇರೆ ಎಂದು ಅದು ಗೆರೆ ಎಳೆಯಿತು; ಠೇವಣಿ ಬ್ಯಾಂಕ್ ಯಾವುದೇ ಕಂಪನಿಯ ಶೇ. 10ಕ್ಕಿಂತ ಹೆಚ್ಚು ಷೇರು ಹಿಡಿಯುವಂತಿರಲಿಲ್ಲ. ಜೆರ್ಮೆಯ ಸೂತ್ರ ಹೀಗೆ ಶಾಸನವಾಯಿತು. 1966ರಲ್ಲಿ ಮಿತಿ ಶೇ. 20ಕ್ಕೆ ಏರಿತು. 1984ರ ಜನವರಿಯ ಬ್ಯಾಂಕಿಂಗ್ ಕಾನೂನು ಆ ಗೆರೆಯನ್ನೇ ಅಳಿಸಿತು.

ನಾಲ್ಕು ವರ್ಷಕ್ಕೆ, 1988ರಲ್ಲಿ, ಹಣಕಾಸು ಸಚಿವಾಲಯದ ಹಿರಿಯ ಅಧಿಕಾರಿಯಾಗಿದ್ದ ಜಾನ್ ಈವ್ ಅಬೆರೆರ್ ಅಧ್ಯಕ್ಷರಾಗಿ ಬಂದರು. ಗುರಿ ಸ್ಪಷ್ಟವಿತ್ತು: ಜರ್ಮನಿಯ ದೊಡ್ಡ ಬ್ಯಾಂಕುಗಳಂತೆ ಉದ್ಯಮಗಳಲ್ಲಿ ಪಾಲುದಾರನಾಗುವುದು, ಯುರೋಪಿನ ಎಲ್ಲ ದೇಶಗಳಲ್ಲೂ ಶಾಖೆ ಹೊಂದುವುದು. ನಾಲ್ಕೈದು ವರ್ಷದಲ್ಲಿ ಬ್ಯಾಲೆನ್ಸ್ ಶೀಟ್ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಇಷ್ಟು ಬೆಳೆಯಲು ಸ್ವಂತ ಬಂಡವಾಳ ಬೇಕು, ಮಾಲೀಕನಾದ ಸರ್ಕಾರದ ಬಳಿ ನಗದಿಲ್ಲ. ಆಗ ಹುಡುಕಿದ ಉಪಾಯದಲ್ಲೇ ತಪ್ಪಿನ ಬೇರಿದೆ. ನಗದಿನ ಬದಲು ಸರ್ಕಾರಿ ಕಂಪನಿಗಳ ಷೇರು ಅದಲುಬದಲಾಯಿತು. 1991ರಲ್ಲಿ ಉಕ್ಕಿನ ಕಂಪನಿ ಯೂಸಿನೋರ್‌ನ ಶೇ. 20 ಪಾಲು ಬ್ಯಾಂಕಿಗೆ ಬಂದದ್ದು ಇದರ ಭಾಗ. ಕಾಗದದ ಮೇಲೆ ಬ್ಯಾಂಕಿನ ಬಂಡವಾಳ ಏರಿತು. ಆದರೆ ಬಂಡವಾಳ ಇರುವುದು ನಷ್ಟ ತಡೆದುಕೊಳ್ಳುವುದಕ್ಕೆ. ಆರ್ಥಿಕ ಹಿಂಜರಿತ ಬಂದಾಗ ಸಾಲಗಾರರ ಜೊತೆಗೇ ಉಕ್ಕಿನ ಕಂಪನಿಯೂ ನಷ್ಟಕ್ಕಿಳಿದರೆ, ಬ್ಯಾಂಕಿನ ಸಾಲವೂ ಬಂಡವಾಳವೂ ಒಂದೇ ದಿನ ಕರಗುತ್ತವೆ. ಆದದ್ದು ಅದೇ.

ಎರಡನೇ ದೋಷ ಉಪಕಂಪನಿಗಳಲ್ಲಿತ್ತು. ಆಲ್ಟಸ್, ಎಸ್‌ಡಿಬಿಒ, ನೆದರ್ಲೆಂಡ್ಸ್‌ನ ಕ್ರೆಡಿ ಲಿಯೊನೆ ಬ್ಯಾಂಕ್: ಇವು ತಮ್ಮ ಪಾಡಿಗೆ ದೊಡ್ಡ ಸಾಲ ಕೊಡುತ್ತಿದ್ದವು, ಪ್ಯಾರಿಸ್‌ನ ಸಾಲ ಪರಿಶೀಲನಾ ಸಮಿತಿಯ ಕಣ್ಣಿಗೆ ಒಟ್ಟು ಮೊತ್ತ ಬೀಳುತ್ತಿರಲಿಲ್ಲ. 1990ರಲ್ಲಿ ಇಟಲಿಯ ಜಾಂಕಾರ್ಲೊ ಪರೆಟ್ಟಿ ಹಾಲಿವುಡ್‌ನ ಎಂಜಿಎಂ ಸ್ಟುಡಿಯೋವನ್ನು ಸುಮಾರು 130 ಕೋಟಿ ಡಾಲರ್‌ಗೆ ಕೊಂಡದ್ದು ನೆದರ್ಲೆಂಡ್ಸ್ ಶಾಖೆಯ ಹಣದ ಬಲದಿಂದ. ಸಾಲ ತೀರಲಿಲ್ಲ, 1992ರಲ್ಲಿ ಬ್ಯಾಂಕೇ ಸ್ಟುಡಿಯೋದ ಒಡೆಯನಾಯಿತು. ಕೊಟ್ಟ ಸಾಲ ಮುಳುಗದಿರಲೆಂದು ಇನ್ನಷ್ಟು ಹಣ ಸುರಿಯಿತು. 1996ರಲ್ಲಿ ಮಾರಿದಾಗ ಸಿಕ್ಕಿದ್ದು ಮತ್ತೆ ಸುಮಾರು 130 ಕೋಟಿ. ನಡುವೆ ಸುರಿದದ್ದು ಹೋಯಿತು. ಕಾರ್ಖಾನೆ ಕೇಳಿದ ದಿನ ನಗದಾಗುವುದಿಲ್ಲ ಎಂಬ ಫುಕ್ಸಿನ್ ಪಾಠ ಇಲ್ಲಿ ಅಕ್ಷರಶಃ ಮರುಕಳಿಸಿತು. ಇದರ ಜೊತೆಗೆ ಪ್ಯಾರಿಸ್‌ನ ಕಚೇರಿ ಕಟ್ಟಡಗಳ ಬೆಲೆ ಕುಸಿದು ಬಿಲ್ಡರುಗಳಿಗೆ ಕೊಟ್ಟ ಸಾಲ ಕೈಕೊಟ್ಟಿತು. 1993ರ ನಷ್ಟ 690 ಕೋಟಿ ಫ್ರಾಂಕ್, 1994ರದು 1,210 ಕೋಟಿ.

1993ರ ನವೆಂಬರಿನಲ್ಲಿ ಅಧ್ಯಕ್ಷರಾಗಿ ಬಂದ ಜಾನ್ ಪೇರ್‌ಲವಾಡ್ ಮುಂದಿದ್ದ ಕೆಲಸ ಬ್ಯಾಂಕನ್ನು ಎರಡಾಗಿ ಸೀಳುವುದು. 1994ರಲ್ಲಿ ಸುಮಾರು 4,300 ಕೋಟಿ ಫ್ರಾಂಕಿನ ಕಟ್ಟಡ ಸಾಲಗಳನ್ನು ಬೇರ್ಪಡಿಸಿದರು, ಸಾಲಲಿಲ್ಲ. 1995ರಲ್ಲಿ ಸಿಡಿಆರ್ ಎಂಬ ಕಂಪನಿ ಹುಟ್ಟಿತು; ಸುಮಾರು 19,000 ಕೋಟಿ ಫ್ರಾಂಕ್ ಲೆಕ್ಕದ ಕೆಟ್ಟ ಆಸ್ತಿ ಅದರ ಪಾಲಾಯಿತು. ಕೊಳ್ಳಲು ಸಿಡಿಆರ್‌ಗೆ ಹಣ ಎಲ್ಲಿಂದ? ಸರ್ಕಾರದ ಇನ್ನೊಂದು ಸಂಸ್ಥೆಯ ಮೂಲಕ ಕ್ರೆಡಿ ಲಿಯೊನೆಯೇ 14,500 ಕೋಟಿಯವರೆಗೆ ಸಾಲ ಕೊಡಬೇಕಾಯಿತು! ತನ್ನ ಕೆಟ್ಟ ಸಾಲವನ್ನು ತಾನೇ ಸಾಲ ಕೊಟ್ಟು ಮಾರಿದಂತೆ. ಆ ಸಾಲದ ಬಡ್ಡಿ ಮಾರುಕಟ್ಟೆ ದರದ ಶೇ. 85ರಷ್ಟು ಮಾತ್ರ. ಉದಾಹರಣೆಗೆ ಮಾರುಕಟ್ಟೆಯಲ್ಲಿ ಶೇ. 6 ಇದ್ದರೆ ಬ್ಯಾಂಕಿಗೆ ಬರುವುದು 5.1. ಅಷ್ಟು ದೊಡ್ಡ ಮೊತ್ತ ಹೊಂದಿಸಲು ಬ್ಯಾಂಕ್ ತಾನು ಕನಿಷ್ಠ 6 ಕೊಡಬೇಕು. 100 ಫ್ರಾಂಕಿಗೆ 90 ಸಾಂಟೀಮಿನ ನಷ್ಟ, ಪ್ರತಿ ವರ್ಷ. 14,500 ಕೋಟಿಯ ಮೇಲೆ ಅದು 130 ಕೋಟಿ ದಾಟುತ್ತದೆ. ಪಾರುಮಾಡಲು ತಂದ ಯೋಜನೆಯೇ ಬ್ಯಾಂಕಿನ ರಕ್ತ ಹೀರುತ್ತಿತ್ತು. 1996ರಲ್ಲಿ ಮತ್ತೆ ತುರ್ತು ನೆರವು ಬೇಕಾಯಿತು, 1998ರ ಮೇ ತಿಂಗಳಲ್ಲಿ ಯುರೋಪಿಯನ್ ಆಯೋಗ ಹೊಸ ಯೋಜನೆಗೆ ಒಪ್ಪಿತು. ಅದರ ಷರತ್ತುಗಳು: ವಿದೇಶದ ಶಾಖೆಗಳನ್ನು ಮಾರಬೇಕು, ಬ್ಯಾಂಕ್ ಖಾಸಗಿಯಾಗಬೇಕು. 1992ರಲ್ಲಷ್ಟೇ ಕೊಂಡಿದ್ದ ಜರ್ಮನಿಯ ಬಿಎಫ್‌ಜಿ ಬ್ಯಾಂಕ್ ಸ್ವೀಡನ್ನಿನ ಎಸ್‌ಇಬಿಗೆ ಹೋಯಿತು.

ಈ ನಡುವೆ 1996ರ ಮೇ 5ರ ಭಾನುವಾರ ಬುಲ್ವಾರ್ ದೆಜಿತಾಲಿಯೆನ್ ಕಚೇರಿ ಹೊತ್ತಿ ಉರಿಯಿತು. 1997ರ ಆಗಸ್ಟಿನಲ್ಲಿ ಲ ಆವ್ರ್‌ನಲ್ಲಿದ್ದ ದಾಖಲೆಗಳ ಉಗ್ರಾಣ ಸುಟ್ಟಿತು. ಅಡಿಡಾಸ್ ಮಾರಾಟದ ವ್ಯಾಜ್ಯ ಇನ್ನೂ ಉದ್ದ. 1993ರಲ್ಲಿ ತನ್ನ ಪಾಲು ಮಾರಿಕೊಟ್ಟಾಗ ಬ್ಯಾಂಕ್ ಮೋಸ ಮಾಡಿತೆಂದು ಉದ್ಯಮಿ ಬರ್ನಾರ್ ತಪಿ ದೂರಿದರು. 2008ರಲ್ಲಿ ಮಧ್ಯಸ್ಥಗಾರರು ಅವರಿಗೆ ಬಡ್ಡಿ ಸೇರಿ ಸುಮಾರು 40 ಕೋಟಿ ಯುರೋ ಕೊಡಿಸಿದರು, 2015ರಲ್ಲಿ ಪ್ಯಾರಿಸ್ ಮೇಲ್ಮನವಿ ನ್ಯಾಯಾಲಯ ತೀರ್ಪು ರದ್ದುಮಾಡಿ ಹಣ ವಾಪಸ್ ಕೇಳಿತು. 2008ರಲ್ಲಿ ಹಣಕಾಸು ಸಚಿವೆಯಾಗಿದ್ದ ಕ್ರಿಸ್ತೀನ್ ಲಗಾರ್ಡ್ ನಿರ್ಲಕ್ಷ್ಯ ತೋರಿದರೆಂದು 2016ರಲ್ಲಿ ವಿಶೇಷ ನ್ಯಾಯಾಲಯ ಹೇಳಿತು, ಶಿಕ್ಷೆ ವಿಧಿಸಲಿಲ್ಲ. ಈ ಹೊರೆ ಬಿದ್ದದ್ದು ಬ್ಯಾಂಕಿನ ಮೇಲಲ್ಲ, ಸಿಡಿಆರ್ ಮೂಲಕ ಸರ್ಕಾರದ ಮೇಲೆ. ಬ್ಯಾಂಕ್ ಖಾಸಗಿಯಾಗಿ ಹದಿನೈದು ವರ್ಷವಾದ ಮೇಲೆ, 2014ರಲ್ಲಿ, ಆ ಹಳೆಯ ಸಾಲದ ಕೊನೆಯ ಬಾಕಿ ಫ್ರಾನ್ಸ್ ಸರ್ಕಾರ ತೀರಿಸಿತು. ತೆರಿಗೆದಾರರಿಗೆ ಒಟ್ಟು ತಗುಲಿದ್ದು 1,500 ಕೋಟಿ ಯುರೋ ಆಸುಪಾಸು.

1999ರಲ್ಲಿ ಖಾಸಗೀಕರಣವಾದರೂ ಸುಮಾರು ಶೇ. 10.9 ಪಾಲು ಸರ್ಕಾರದಲ್ಲೇ ಉಳಿದಿತ್ತು. 2002ರ ನವೆಂಬರಿನ ಒಂದು ವಾರಾಂತ್ಯದಲ್ಲಿ ಅದನ್ನು ಹರಾಜಿಗಿಟ್ಟರು. ಬಿಎನ್‌ಪಿ ಪಾರಿಬಾ ಷೇರಿಗೆ 58 ಯುರೋದಂತೆ 220 ಕೋಟಿ ಕೊಟ್ಟು ಗೆದ್ದಿತು. ತಿಂಗಳೊಳಗೆ, ಡಿಸೆಂಬರ್ 16ರಂದು, ಫ್ರಾನ್ಸಿನದೇ ಇನ್ನೊಂದು ಬ್ಯಾಂಕ್ ಕ್ರೆಡಿ ಅಗ್ರಿಕೋಲ್ ಷೇರಿಗೆ 56 ಯುರೋ ಹೇಳಿ ಇಡೀ ಬ್ಯಾಂಕನ್ನೇ ಕೇಳಿತು. 2003ರಲ್ಲಿ ಬ್ಯಾಂಕ್ ಅದರದಾಯಿತು. ದೊಡ್ಡ ಕಂಪನಿಗಳ ವ್ಯವಹಾರವನ್ನು ಕಿತ್ತು ಕಾಲ್ಯೋನ್ ಎಂಬ ಅಂಗಸಂಸ್ಥೆಗೆ ಸೇರಿಸಿದರು. ನಮ್ಮ ಷೇರುಪೇಟೆ ಸುದ್ದಿಯಲ್ಲಿ ಆಗಾಗ ಕೇಳುವ ಸಿಎಲ್‌ಎಸ್‌ಎ ಎಂಬ ದಲ್ಲಾಳಿ ಸಂಸ್ಥೆಯ ಮೊದಲೆರಡು ಅಕ್ಷರ ಕ್ರೆಡಿ ಲಿಯೊನೆಯವೇ. ಅದನ್ನು ಮುಂದೆ ಚೀನಾದ ಸಿಟಿಕ್ ಕೊಂಡಿತು. ಉಳಿದದ್ದು ಜನಸಾಮಾನ್ಯರ ಖಾತೆ, ಗೃಹಸಾಲ, ಅಂಗಡಿಕಾರರ ಸಾಲ. 2005ರಿಂದ ಅದರ ಹೆಸರು ಎಲ್‌ಸಿಎಲ್. ಟೂರ್ ಡಿ ಫ್ರಾನ್ಸ್‌ನಲ್ಲಿ ಹಳದಿ ಅಂಗಿ ತೊಟ್ಟವನ ಕೈಗೆ ಕೊಡುವ ಸಿಂಹದ ಬೊಂಬೆ ಈ ಬ್ಯಾಂಕಿನದು.

ಎಂಜಿಎಂನಂಥ ಸಾಹಸ ಈಗ ಇಲ್ಲ, ಅವಧಿಯ ಪ್ರಶ್ನೆ ಮಾತ್ರ ಹಾಗೇ ಇದೆ. ಫ್ರಾನ್ಸಿನಲ್ಲಿ ಗೃಹಸಾಲ ಸಾಮಾನ್ಯವಾಗಿ 20, 25 ವರ್ಷದ್ದು, ಬಡ್ಡಿ ಕೊನೆಯವರೆಗೂ ಬದಲಾಗದು. ಅದಕ್ಕೆ ಹಣ ಬರುವುದು ಯಾವಾಗ ಬೇಕಾದರೂ ತೆಗೆಯಬಹುದಾದ ಖಾತೆಗಳಿಂದ. ಬಡ್ಡಿಯಿಲ್ಲದ ಚಾಲ್ತಿ ಖಾತೆಯಲ್ಲಿ ಎಷ್ಟು ಹಣ ಎಷ್ಟು ಕಾಲ ಕದಲದೆ ಕೂರುತ್ತದೆಂದು ಬ್ಯಾಂಕುಗಳು ಹಳೆಯ ಅಂಕಿಅಂಶದಿಂದ ಅಂದಾಜು ಕಟ್ಟುತ್ತವೆ. ಸರ್ಕಾರ ದರ ನಿಗದಿಮಾಡುವ ಲಿವ್ರೆ ಎ ಉಳಿತಾಯ ಖಾತೆಯ ಬಡ್ಡಿ 2022ರ ಜನವರಿವರೆಗೆ ಶೇ. 0.5 ಇತ್ತು, 2023ರ ಫೆಬ್ರವರಿ 1ಕ್ಕೆ 3 ಆಯಿತು. ಜನ ಚಾಲ್ತಿ ಖಾತೆಯಿಂದ ಹಣ ಎತ್ತಿ ಅಲ್ಲಿಗೆ ಸಾಗಿಸಿದರು, ಅಂದಾಜು ತಪ್ಪಿತು, ದೇಶದ ಚಿಲ್ಲರೆ ಬ್ಯಾಂಕುಗಳ ಬಡ್ಡಿ ಲಾಭ ಕುಗ್ಗಿತು. ಜೆರ್ಮೆಯ ಹುಂಡಿಯಾಗಿದ್ದರೆ 90 ದಿನದಲ್ಲಿ ತೀರಿ ಹೊಸ ದರಕ್ಕೆ ತಿರುಗುತ್ತಿತ್ತು. 2021ರಲ್ಲಿ ಶೇ. 1ರ ಆಸುಪಾಸಿನಲ್ಲಿ ಕೊಟ್ಟ ಇಪ್ಪತ್ತು ವರ್ಷದ ಗೃಹಸಾಲ 2041ರವರೆಗೂ ಅದೇ ಶೇ. 1 ತರುತ್ತದೆ.